ಎಲ್‌ಇಡಿ ಟಾರ್ಚ್

ಎಲ್‌ಇಡಿ ಟಾರ್ಚ್ ಎಂಬುದು ಬೆಳಕು ಸೂಸುವ ಡಯೋಡನ್ನು ದೀಪವಾಗಿ ಉಳ್ಳ, ಬ್ಯಾಟರಿಯ ಬಲದಿಂದ ಉರಿಯುವ ಕೈದೀಪ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಟಾರ್ಚನ್ನೇ 'ಬ್ಯಾಟರಿ' ಎಂದೂ ಅದರೊಳಗೆ ಹಾಕುವ ಕೋಶವನ್ನು 'ಸೆಲ್' ಅಥವಾ 'ಶೆಲ್ಲು' ಎಂದೂ ಕರೆಯುವ ರೂಢಿಯಿದೆ. ತಂತುದೀಪವಿದ್ದ ಹಳೆಯ ಟಾರ್ಚಿಗಿಂತ ಇದು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ನೀಡುತ್ತದೆ ಮತ್ತು ಹೆಚ್ಚು ಕಾಲ ಬಾಳುತ್ತದೆ. ಮಾರಾಟದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿತವಾಗಿರುವ ಲುಮೆನ್ ಸಂಖ್ಯೆಯೊಂದರಿಂದಲೇ ಟಾರ್ಚಿನ ಯೋಗ್ಯತೆ ತಿಳಿಯದು. ಬೆಳಕಿನ ಪ್ರಮಾಣ, ಕಿರಣದ ಹರಹು, ಉರಿಯುವ ಅವಧಿ, ಬ್ಯಾಟರಿಯ ಬಗೆ, ನೀರು ಹಾಗೂ ಪೆಟ್ಟನ್ನು ತಾಳುವ ಶಕ್ತಿ ಈ ಐದನ್ನೂ ಬಳಕೆಯ ಉದ್ದೇಶದೊಡನೆ ಹೊಂದಿಸಿ ನೋಡಬೇಕಾಗುತ್ತದೆ.

ಇತಿಹಾಸ

ಟಾರ್ಚ್ ಬರುವ ಮುನ್ನ ಇರುಳಿನ ಸಂಚಾರಕ್ಕೆ ಪಂಜು, ದೊಂದಿ, ಒಣಗಿದ ತೆಂಗಿನ ಗರಿಯ ಸೂಡಿ, ಅನಂತರ ಸೀಮೆಎಣ್ಣೆಯ ಲಾಟೀನು ಬಳಕೆಯಲ್ಲಿದ್ದವು. ಗಾಳಿ ಮಳೆಗಳಲ್ಲಿ ಇವುಗಳನ್ನು ಕಾಯ್ದುಕೊಳ್ಳುವುದು ಕಷ್ಟವಾಗಿತ್ತು. ಬೆಂಕಿಯ ಅಪಾಯವೂ ಇತ್ತು. 19ನೆಯ ಶತಮಾನದ ಕೊನೆಯಲ್ಲಿ ಶುಷ್ಕಕೋಶ ಬಳಕೆಗೆ ಬಂದುದರಿಂದ ಕೈಯಲ್ಲಿ ಹಿಡಿದು ಒಯ್ಯಬಹುದಾದ ವಿದ್ಯುದ್ದೀಪ ಸಾಧ್ಯವಾಯಿತು. ಇಂಗ್ಲೆಂಡ್ ಮೂಲದ ಡೇವಿಡ್ ಮಿಸೆಲ್ ಕೊಳವೆಯಾಕಾರದ ವಿದ್ಯುತ್ ಕೈದೀಪಕ್ಕೆ 1899ರಲ್ಲಿ ಅಮೆರಿಕದ ಪೇಟೆಂಟ್ ಪಡೆದನು. ಅದರ ಹಕ್ಕು ಕಾನ್ರಾಡ್ ಹ್ಯೂಬರ್ಟ್ ಸ್ಥಾಪಿಸಿದ್ದ ಸಂಸ್ಥೆಗೆ ಸೇರಿತು. ಈ ಸಂಸ್ಥೆಯೇ ಮುಂದೆ 'ಎವರೆಡಿ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆ ಕಾಲದ ಕೋಶಗಳು ನಿರಂತರವಾಗಿ ವಿದ್ಯುತ್ ಒದಗಿಸಲಾರದೆ ಹೋದುದರಿಂದ ದೀಪವನ್ನು ಆಗಾಗ ಮಿಂಚಿನಂತೆ ಬೆಳಗಿಸಿ ಆರಿಸಬೇಕಾಗುತ್ತಿತ್ತು. ಅಮೆರಿಕದಲ್ಲಿ ಈ ಸಾಧನಕ್ಕೆ 'ಫ್ಲ್ಯಾಶ್‌ಲೈಟ್' ಎಂಬ ಹೆಸರು ಬಂದುದಕ್ಕೆ ಇದೇ ಕಾರಣ. ಭಾರತದಲ್ಲಿ ಬ್ರಿಟಿಷರ ಬಳಕೆಯನ್ನು ಅನುಸರಿಸಿ 'ಟಾರ್ಚ್' ಎಂಬ ಪದ ನೆಲೆಗೊಂಡಿತು.

ಗೋಚರ ಬೆಳಕು ನೀಡುವ ಕೆಂಪು ಎಲ್‌ಇಡಿಯನ್ನು 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಜ್ಞಾನಿ ನಿಕ್ ಹೊಲೊನ್ಯಾಕ್ ರೂಪಿಸಿದರು. ಬಿಳಿಯ ಬೆಳಕನ್ನು ಪಡೆಯಲು ನೀಲಿ ಎಲ್‌ಇಡಿ ಅಗತ್ಯವಾಗಿತ್ತು. ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರ ಅವರ ಪರಿಶ್ರಮದಿಂದ 1990ರ ದಶಕದ ಆರಂಭದಲ್ಲಿ ಪ್ರಕಾಶಮಾನವಾದ ನೀಲಿ ಎಲ್‌ಇಡಿ ಸಿದ್ಧವಾಯಿತು. ಈ ಸಾಧನೆಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಮೂವರಿಗೂ ನೀಡಲಾಯಿತು. ಜಪಾನಿನ ನಿಚಿಯಾ ಸಂಸ್ಥೆಯು ನೀಲಿ ಎಲ್‌ಇಡಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿ ತಯಾರಿಸಿದ ಬಿಳಿ ಎಲ್‌ಇಡಿ 1996ರಲ್ಲಿ ಮಾರುಕಟ್ಟೆಗೆ ಬಂದಿತು. 2000ದ ನಂತರ ಎಲ್‌ಇಡಿ ಟಾರ್ಚ್‌ಗಳು ತಂತುದೀಪದ ಟಾರ್ಚ್‌ಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡವು.

ರಚನೆ ಮತ್ತು ಕಾರ್ಯವಿಧಾನ

ಎಲ್‌ಇಡಿ ಟಾರ್ಚಿನಲ್ಲಿ ಎಲ್‌ಇಡಿ, ವಿದ್ಯುತ್ ಪ್ರವಾಹವನ್ನು ನಿಯಂತ್ರಿಸುವ ಮಂಡಲ, ಬೆಳಕನ್ನು ಒಂದು ದಿಕ್ಕಿಗೆ ತರುವ ಪ್ರತಿಫಲಕ ಅಥವಾ ಮಸೂರ, ಗುಂಡಿ, ಬ್ಯಾಟರಿ ಮತ್ತು ಇವನ್ನೆಲ್ಲ ಹಿಡಿದಿಡುವ ಹೊರಕವಚ ಇರುತ್ತವೆ.

ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಆದ್ದರಿಂದ 1.5 ವೋಲ್ಟಿನ ಒಂದೇ ಸೆಲ್ ಇರುವ ಟಾರ್ಚಿನಲ್ಲಿ ವೋಲ್ಟೇಜನ್ನು ಏರಿಸುವ ಮಂಡಲ ಇರಲೇಬೇಕು. ಅಗ್ಗದ ಟಾರ್ಚ್‌ಗಳಲ್ಲಿ ಬ್ಯಾಟರಿಗೂ ಎಲ್‌ಇಡಿಗೂ ನಡುವೆ ಕೇವಲ ಒಂದು ರೋಧಕ ಇರುತ್ತದೆ. ಇಂತಹವು ಮೊದಲು ಪ್ರಖರವಾಗಿ ಉರಿದು ಸೆಲ್ ಇಳಿದಂತೆ ಕ್ರಮೇಣ ಮಂಕಾಗುತ್ತವೆ. ನಿಯಂತ್ರಕ ಮಂಡಲವುಳ್ಳ ಟಾರ್ಚ್‌ಗಳು ಬ್ಯಾಟರಿ ಮುಗಿಯುತ್ತ ಬರುವವರೆಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಬೆಳಕು ನೀಡುತ್ತವೆ. ಅವುಗಳಲ್ಲಿ ಕೆಲವು ಮುನ್ಸೂಚನೆಯಿಲ್ಲದೆ ಆರುವುದುಂಟು. ಬ್ಯಾಟರಿಯ ಮಟ್ಟವನ್ನು ತೋರಿಸುವ ಸಣ್ಣ ದೀಪ ಇಂತಹ ಟಾರ್ಚಿಗೆ ಅವಶ್ಯ.

ಎಲ್‌ಇಡಿಗೆ ಒದಗಿದ ವಿದ್ಯುತ್ತಿನ ಹೆಚ್ಚಿನ ಪಾಲು ಉಷ್ಣವಾಗಿ ಪರಿವರ್ತನೆಯಾಗುತ್ತದೆ. ಈ ಉಷ್ಣ ಹೊರಹೋಗದಿದ್ದರೆ ಬೆಳಕು ಕುಗ್ಗುತ್ತದೆ, ಎಲ್‌ಇಡಿಯ ಆಯುಷ್ಯವೂ ಕಡಿಮೆಯಾಗುತ್ತದೆ. ಪ್ರಖರವಾದ ಟಾರ್ಚ್‌ಗಳ ಕವಚವನ್ನು ಅಲ್ಯೂಮಿನಿಯಂನಿಂದ ಮಾಡುವುದು ಈ ಕಾರಣಕ್ಕಾಗಿಯೇ. ಹೀಗಿದ್ದರೂ ಸಣ್ಣ ಗಾತ್ರದ, ಸಾವಿರಕ್ಕೂ ಹೆಚ್ಚು ಲುಮೆನ್ ಸೂಸುವ ಟಾರ್ಚ್‌ಗಳು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ಬೆಳಕನ್ನು ತಗ್ಗಿಸಿಕೊಳ್ಳುತ್ತವೆ. ಪೆಟ್ಟಿಗೆಯ ಮೇಲಿರುವುದು ಆರಂಭದ ಅಂಕಿ; ಹೆಚ್ಚು ಹೊತ್ತು ಉಪಯೋಗಕ್ಕೆ ಬರುವುದು ತಗ್ಗಿದ ನಂತರದ ಬೆಳಕು.

ಬೆಳಕಿನ ಅಳತೆಗಳು

ಟಾರ್ಚಿನಿಂದ ಎಲ್ಲ ದಿಕ್ಕಿಗೂ ಹೊರಬರುವ ಒಟ್ಟು ಬೆಳಕಿನ ಅಳತೆ ಲುಮೆನ್. ಕಿರಣದ ನಡುಭಾಗದ ತೀವ್ರತೆಯ ಅಳತೆ ಕ್ಯಾಂಡೆಲಾ. ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್. 300 ಲುಮೆನ್‌ನ ಎರಡು ಟಾರ್ಚ್‌ಗಳಲ್ಲಿ ಒಂದು ಅಂಗಳವನ್ನೆಲ್ಲ ಬೆಳಗಬಹುದು, ಇನ್ನೊಂದು ದೂರದ ಮರದ ತುದಿಯನ್ನು ಮಾತ್ರ ತೋರಿಸಬಹುದು. ಇವೆರಡರ ವ್ಯತ್ಯಾಸ ಲುಮೆನ್‌ನಿಂದ ತಿಳಿಯುವುದಿಲ್ಲ, ಕ್ಯಾಂಡೆಲಾದಿಂದ ತಿಳಿಯುತ್ತದೆ.

ಟಾರ್ಚ್‌ಗಳನ್ನು ಒಂದೇ ರೀತಿಯಲ್ಲಿ ಅಳೆಯಲು ಅಮೆರಿಕದಲ್ಲಿ 2009ರಲ್ಲಿ ಆನ್ಸಿ ಎಫ್‌ಎಲ್1 ಎಂಬ ಮಾನಕ ರೂಪುಗೊಂಡಿತು. ಇತರ ದೇಶಗಳ ತಯಾರಕರೂ ಇದನ್ನು ಸ್ವಇಚ್ಛೆಯಿಂದ ಅನುಸರಿಸುತ್ತಾರೆ. ಇದರ ಪ್ರಕಾರ, ಟಾರ್ಚಿನ ಬೆಳಕು 0.25 ಲಕ್ಸಿಗೆ ಇಳಿಯುವ ದೂರವೇ ಕಿರಣದ ದೂರ. ಇದು ನಿರಭ್ರ ಹುಣ್ಣಿಮೆಯ ಬೆಳದಿಂಗಳಿಗೆ ಸಮೀಪವಾದ ಪ್ರಮಾಣ. ಉರಿಯುವ ಅವಧಿ ಎಂದರೆ ಬೆಳಕು ಆರಂಭದ ಪ್ರಮಾಣದ ಶೇ. 10ಕ್ಕೆ ಕುಸಿಯುವವರೆಗಿನ ಕಾಲ. ಹೀಗಾಗಿ ಐದು ಗಂಟೆ ಎಂದು ಬರೆದಿದ್ದರೆ ಐದು ಗಂಟೆಯೂ ಪೂರ್ಣ ಬೆಳಕಿರುತ್ತದೆ ಎಂದು ಭಾವಿಸಬಾರದು.

ಕಿರಣದ ದೂರವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಕ್ಯಾಂಡೆಲಾ ಸಂಖ್ಯೆಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ದೂರ ಮೀಟರುಗಳಲ್ಲಿ ದೊರೆಯುತ್ತದೆ. 2,500 ಕ್ಯಾಂಡೆಲಾದ ಟಾರ್ಚಿಗೆ 100 ಮೀಟರ್, 10,000 ಕ್ಯಾಂಡೆಲಾದ ಟಾರ್ಚಿಗೆ 200 ಮೀಟರ್. ದೂರ ಇಮ್ಮಡಿಯಾಗಬೇಕಾದರೆ ತೀವ್ರತೆ ನಾಲ್ಕು ಪಟ್ಟಾಗಬೇಕು. ಬೆಳದಿಂಗಳಿನಷ್ಟು ಬೆಳಕಿನಲ್ಲಿ ಆಕೃತಿಯನ್ನು ಕಾಣಬಹುದೇ ಹೊರತು ಅದು ಏನೆಂದು ನಿಖರವಾಗಿ ಗುರುತಿಸುವುದು ಕಷ್ಟ. ವ್ಯಕ್ತಿಯನ್ನೋ ಪ್ರಾಣಿಯನ್ನೋ ಗುರುತು ಹಿಡಿಯಲು ಘೋಷಿತ ದೂರದ ಅರ್ಧವನ್ನಷ್ಟೇ ನೆಚ್ಚಿಕೊಳ್ಳುವುದು ಉಚಿತ.

ಮನುಷ್ಯನ ಕಣ್ಣು ಬೆಳಕಿನ ಹೆಚ್ಚಳವನ್ನು ಅದೇ ಅನುಪಾತದಲ್ಲಿ ಗ್ರಹಿಸುವುದಿಲ್ಲ. ಬೆಳಕು ಎರಡರಷ್ಟಾಗಿ ತೋರಬೇಕಾದರೆ ಲುಮೆನ್ ಸುಮಾರು ನಾಲ್ಕು ಪಟ್ಟಾಗಬೇಕು. ಆದ್ದರಿಂದ 300 ಮತ್ತು 400 ಲುಮೆನ್‌ಗಳ ನಡುವಣ ಅಂತರಕ್ಕೆ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿಲ್ಲ.

ಬೆಳಕಿನ ಬಣ್ಣ

ಬೆಳಕಿನ ಬಣ್ಣವನ್ನು ಕೆಲ್ವಿನ್ ಮಾನದಲ್ಲಿ ಸೂಚಿಸುತ್ತಾರೆ. 3,000 ಕೆಲ್ವಿನ್ ಆಸುಪಾಸಿನ ಬೆಳಕು ಹಳದಿ ಛಾಯೆಯದು, 6,500 ಕೆಲ್ವಿನ್‌ನದು ನೀಲಿ ಛಾಯೆಯ ಬಿಳುಪು. ನೀಲಿ ಛಾಯೆಯ ಎಲ್‌ಇಡಿ ಅದೇ ವಿದ್ಯುತ್ತಿಗೆ ಸ್ವಲ್ಪ ಹೆಚ್ಚು ಲುಮೆನ್ ನೀಡುವುದರಿಂದ ಅಗ್ಗದ ಟಾರ್ಚ್‌ಗಳಲ್ಲಿ ಅದೇ ಸಾಮಾನ್ಯ. ಬಣ್ಣಗಳನ್ನು ಸಹಜವಾಗಿ ತೋರಿಸುವ ಗುಣವನ್ನು 100ರ ಗರಿಷ್ಠ ಮಿತಿಯುಳ್ಳ ಸಿಆರ್‌ಐ ಸೂಚ್ಯಂಕದಿಂದ ತಿಳಿಯಬಹುದು. ಸಾಮಾನ್ಯ ಟಾರ್ಚ್‌ಗಳಲ್ಲಿ ಇದು 70ರ ಆಸುಪಾಸಿನಲ್ಲಿರುತ್ತದೆ. 90 ಅಥವಾ ಹೆಚ್ಚಿದ್ದರೆ ಕೆಂಪು, ಕಂದು ಬಣ್ಣಗಳ ಭೇದ ಚೆನ್ನಾಗಿ ಕಾಣುತ್ತದೆ. ವಿದ್ಯುತ್ ತಂತಿಗಳ ಬಣ್ಣ ನೋಡಿ ಕೆಲಸ ಮಾಡುವವರಿಗೂ ಗಾಯವನ್ನು ಪರೀಕ್ಷಿಸುವವರಿಗೂ ಇದು ಉಪಯುಕ್ತ.

ಕತ್ತಲೆಗೆ ಕಣ್ಣು ಪೂರ್ಣವಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುತ್ತದೆ. ಪ್ರಖರವಾದ ಬಿಳಿ ಬೆಳಕು ಕ್ಷಣಾರ್ಧದಲ್ಲಿ ಇದನ್ನು ಕೆಡಿಸುತ್ತದೆ. ನಕ್ಷತ್ರ ವೀಕ್ಷಕರು ಮಂದವಾದ ಕೆಂಪು ಬೆಳಕಿನ ಟಾರ್ಚ್ ಬಳಸುವುದು ಇದೇ ಕಾರಣಕ್ಕೆ. ಮಂಜು ಅಥವಾ ದಟ್ಟ ಮಳೆಯಲ್ಲಿ ಬೆಳಕು ಹನಿಗಳಿಗೆ ತಗುಲಿ ಕಣ್ಣಿಗೇ ಹಿಂದಿರುಗುವುದರಿಂದ ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದು ನೆಲದತ್ತ ತೋರಿಸಿದರೆ ದಾರಿ ಹೆಚ್ಚು ಸ್ಪಷ್ಟವಾಗುತ್ತದೆ.

ಬ್ಯಾಟರಿಯ ಬಗೆಗಳು

ಟಾರ್ಚಿನ ಆಯ್ಕೆಯಲ್ಲಿ ಬ್ಯಾಟರಿಗೆ ಎಲ್‌ಇಡಿಯಷ್ಟೇ ಮಹತ್ವವಿದೆ.

• ಸಾಮಾನ್ಯ ಸೆಲ್‌ಗಳು: 1.5 ವೋಲ್ಟಿನ ಎಎ, ಎಎಎ ಮತ್ತು ದಪ್ಪ ಗಾತ್ರದ ಡಿ ಸೆಲ್‌ಗಳು ಹಳ್ಳಿಯ ಅಂಗಡಿಯಲ್ಲಿಯೂ ದೊರೆಯುತ್ತವೆ. ಅಪರೂಪಕ್ಕೆ ಬಳಸುವ ಟಾರ್ಚಿಗೆ ಇವು ಅನುಕೂಲ. ಬಹುಕಾಲ ಒಳಗೇ ಉಳಿದರೆ ಸೋರಿ ಟಾರ್ಚನ್ನು ಹಾಳುಮಾಡುತ್ತವೆ.

• ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು: ಎಎ ಮತ್ತು ಎಎಎ ಗಾತ್ರದಲ್ಲಿ ದೊರೆಯುವ, ನೂರಾರು ಬಾರಿ ಚಾರ್ಜ್ ಮಾಡಬಹುದಾದ 1.2 ವೋಲ್ಟಿನ ಸೆಲ್‌ಗಳು. ಪ್ರತ್ಯೇಕ ಚಾರ್ಜರ್ ಬೇಕು. ದಿನವೂ ಟಾರ್ಚ್ ಬಳಸುವ ಮನೆಗೆ ಕಾಲಕ್ರಮದಲ್ಲಿ ಇವು ಅಗ್ಗ.

• ಸೀಸ-ಆಮ್ಲ ಬ್ಯಾಟರಿ: ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡುವ ದೊಡ್ಡ ಪ್ಲಾಸ್ಟಿಕ್ ಟಾರ್ಚ್‌ಗಳಲ್ಲಿ ಇದು ಸಾಮಾನ್ಯ. ಬೆಲೆ ಕಡಿಮೆ, ತೂಕ ಹೆಚ್ಚು. ಪೂರ್ತಿ ಬರಿದಾದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಬ್ಯಾಟರಿ ಕೆಡುತ್ತದೆ. ಬಳಸಿದ ಬಳಿಕ ತಡಮಾಡದೆ ಚಾರ್ಜ್ ಮಾಡಬೇಕು.

• ಲಿಥಿಯಂ-ಅಯಾನ್ ಕೋಶ: ತೂಕಕ್ಕೆ ಹೋಲಿಸಿದರೆ ಹೆಚ್ಚು ಶಕ್ತಿ ಸಂಗ್ರಹಿಸುತ್ತದೆ. 18650 ಎಂಬ ಗಾತ್ರ ಹೆಚ್ಚು ಬಳಕೆಯಲ್ಲಿದೆ. ಅದರ ಅಡ್ಡಳತೆ 18 ಮಿ.ಮೀ., ಉದ್ದ 65 ಮಿ.ಮೀ. ಸರಾಸರಿ ವೋಲ್ಟೇಜ್ 3.6ರಿಂದ 3.7, ಪೂರ್ಣ ಚಾರ್ಜ್ ಆದಾಗ 4.2. ಎಎ ಸೆಲ್ಲಿನಷ್ಟೇ ಗಾತ್ರದ 14500 ಎಂಬ ಲಿಥಿಯಂ ಕೋಶವೂ ಇದೆ. ಇದನ್ನು 1.5 ವೋಲ್ಟಿಗೆಂದೇ ರೂಪಿಸಿದ ಟಾರ್ಚಿಗೆ ಹಾಕಿದರೆ ಟಾರ್ಚ್ ಸುಟ್ಟುಹೋಗಬಹುದು.

ಬ್ಯಾಟರಿಯನ್ನು ಹೊರತೆಗೆದು ಬದಲಿಸಲು ಬರುವ ಟಾರ್ಚ್ ಹೆಚ್ಚು ವರ್ಷ ಬಾಳುತ್ತದೆ. ಒಳಗೆ ಬೆಸುಗೆ ಹಾಕಿದ ಬ್ಯಾಟರಿಯ ಟಾರ್ಚಿನಲ್ಲಿ ಎಲ್‌ಇಡಿ ಸುಸ್ಥಿತಿಯಲ್ಲಿದ್ದರೂ ಬ್ಯಾಟರಿ ಸತ್ತೊಡನೆ ಇಡೀ ಸಾಧನವೇ ಕಸವಾಗುವುದು ಸಾಮಾನ್ಯ.

ಪೆಟ್ಟಿಗೆಯ ಅಂಕಿಗಳನ್ನು ಪರಿಶೀಲಿಸುವ ಕ್ರಮ

ಜಾಹೀರಾತಿನ ಅಂಕಿಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ಸರಳ ಗಣಿತದಿಂದ ಕಂಡುಕೊಳ್ಳಬಹುದು. ಕೋಶದ ಸಾಮರ್ಥ್ಯವನ್ನು ಮಿಲಿಆಂಪಿಯರ್-ಗಂಟೆಗಳಲ್ಲಿ ಬರೆದಿರುತ್ತಾರೆ. ಅದನ್ನು 1,000ದಿಂದ ಭಾಗಿಸಿ ವೋಲ್ಟೇಜಿನಿಂದ ಗುಣಿಸಿದರೆ ಶಕ್ತಿ ವ್ಯಾಟ್-ಗಂಟೆಗಳಲ್ಲಿ ಸಿಗುತ್ತದೆ. 3,000 ಮಿಲಿಆಂಪಿಯರ್-ಗಂಟೆಯ 3.7 ವೋಲ್ಟಿನ ಕೋಶದ ಶಕ್ತಿ 11.1 ವ್ಯಾಟ್-ಗಂಟೆ. ಟಾರ್ಚ್ ಒಂದು ವ್ಯಾಟಿಗೆ 100 ಲುಮೆನ್ ನೀಡುತ್ತದೆ ಎಂದಿಟ್ಟುಕೊಂಡರೆ 300 ಲುಮೆನ್‌ಗೆ 3 ವ್ಯಾಟ್ ಬೇಕು. ಆಗ ಅದು ಸುಮಾರು ಮೂರೂವರೆ ಗಂಟೆ ಉರಿಯುತ್ತದೆ. ಅದೇ ಕೋಶದಿಂದ 1,000 ಲುಮೆನ್ ಬೆಳಕು 10 ಗಂಟೆ ದೊರೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದಕ್ಕೆ 100 ವ್ಯಾಟ್-ಗಂಟೆ ಬೇಕಾಗುತ್ತದೆ, ಅಂದರೆ ಕೋಶದಲ್ಲಿ ಇರುವುದರ ಒಂಬತ್ತು ಪಟ್ಟು. ಅಂತಹ ಘೋಷಣೆ ನಂಬಲರ್ಹವಲ್ಲ.

ಉತ್ತಮ ದರ್ಜೆಯ 18650 ಕೋಶಗಳ ಸಾಮರ್ಥ್ಯ ಸಾಮಾನ್ಯವಾಗಿ 3,500 ಮಿಲಿಆಂಪಿಯರ್-ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. 6,000, 9,000 ಎಂದು ಮುದ್ರಿಸಿದ ಅಗ್ಗದ ಕೋಶಗಳು ಮಾರುಕಟ್ಟೆಯಲ್ಲಿ ಕಾಣಸಿಗುತ್ತವೆ. ಅವುಗಳ ನೈಜ ಸಾಮರ್ಥ್ಯ ಬಹಳ ಕಡಿಮೆ. ಭಾರತದಲ್ಲಿ ಮಾರುವ ಲಿಥಿಯಂ ಕೋಶಗಳಿಗೆ ಐಎಸ್ 16046 ಮಾನಕದ ಪ್ರಕಾರ ಭಾರತೀಯ ಮಾನಕ ಬ್ಯೂರೊದಲ್ಲಿ ನೋಂದಣಿ ಕಡ್ಡಾಯ. ಕೊಳ್ಳುವಾಗ ಬ್ಯೂರೊದ ಗುರುತು ಹಾಗೂ ನೋಂದಣಿ ಸಂಖ್ಯೆಯನ್ನು ಗಮನಿಸಬೇಕು.

ನೀರು ತಡೆಯುವ ಗುಣವನ್ನು ಐಪಿ ಸಂಕೇತದಿಂದ ಸೂಚಿಸುತ್ತಾರೆ. ಐಪಿಎಕ್ಸ್4 ಎಂದರೆ ಯಾವ ದಿಕ್ಕಿನಿಂದ ನೀರು ಎರಚಿದರೂ ತಾಳುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಕೆಡುವುದಿಲ್ಲ. ಮಲೆನಾಡು ಮತ್ತು ಕರಾವಳಿಯ ಮಳೆಗಾಲಕ್ಕೆ ಕನಿಷ್ಠ ಐಪಿಎಕ್ಸ್4 ಇರುವುದು ಒಳಿತು. ತಲೆಯ ಭಾಗವನ್ನು ಮುಂದೆ ಹಿಂದೆ ಸರಿಸಿ ಕಿರಣವನ್ನು ಕಿರಿದಾಗಿಸುವ ಅಗ್ಗದ ಟಾರ್ಚ್‌ಗಳಲ್ಲಿ ಆ ಸಂದಿನಿಂದಲೇ ನೀರು ಒಳನುಗ್ಗುವ ಸಂಭವವಿರುತ್ತದೆ.

ಬಳಕೆಗೆ ತಕ್ಕ ಆಯ್ಕೆ

| ಬಳಕೆ | ಸಾಕಾಗುವ ಬೆಳಕು | ಕಿರಣ | ಮುಖ್ಯವಾಗಿ ನೋಡಬೇಕಾದುದು |
|---|---|---|---|
| ಮನೆ, ವಿದ್ಯುತ್ ಕಡಿತ | 50–150 ಲುಮೆನ್ | ಅಗಲ | ದೀರ್ಘ ಅವಧಿ, ಸುಲಭವಾಗಿ ಸಿಗುವ ಸೆಲ್ |
| ಹೊಲ, ತೋಟ, ಕಾಲುದಾರಿ | 200–400 ಲುಮೆನ್ | ಮಧ್ಯಮ | ನೀರು ತಡೆಯುವ ಗುಣ, ದೃಢವಾದ ಗುಂಡಿ |
| ಬೆಳೆ ಕಾವಲು, ದೂರವೀಕ್ಷಣೆ | 10,000 ಕ್ಯಾಂಡೆಲಾ ಅಥವಾ ಹೆಚ್ಚು | ಕಿರಿದು | ಕಿರಣದ ದೂರ |
| ಎರಡೂ ಕೈ ಬೇಕಾದ ಕೆಲಸ | 100–250 ಲುಮೆನ್ | ಅಗಲ | ತಲೆಗೆ ಕಟ್ಟುವ ಪಟ್ಟಿ, ಹಗುರತೆ |
| ಪ್ರಯಾಣ, ಚಾರಣ | 100–300 ಲುಮೆನ್ | ಮಧ್ಯಮ | ಹಲವು ಮಟ್ಟದ ಬೆಳಕು, ಬದಲಿ ಬ್ಯಾಟರಿ |

ಮನೆಯೊಳಗೆ ಪ್ರಖರ ಬೆಳಕು ಕಣ್ಣು ಕುಕ್ಕುತ್ತದೆ. ಟಾರ್ಚನ್ನು ಮಾಳಿಗೆಯತ್ತ ತಿರುಗಿಸಿ ನಿಲ್ಲಿಸಿದರೆ ಬೆಳಕು ಚದುರಿ ಕೋಣೆಯೆಲ್ಲ ಬೆಳಗುತ್ತದೆ. ಆದುದರಿಂದ ತಳ ಚಪ್ಪಟೆಯಾಗಿದ್ದು ನೆಟ್ಟಗೆ ನಿಲ್ಲುವ ಟಾರ್ಚ್ ಮನೆಗೆ ಲೇಸು. ದಕ್ಷಿಣ ಕನ್ನಡದ ರಬ್ಬರ್ ತೋಟಗಳಲ್ಲಿ ನಸುಕಿಗೂ ಮೊದಲೇ ಹಾಲು ತೆಗೆಯುವ ಕಾರ್ಮಿಕರು ಹಣೆಗೆ ಕಟ್ಟುವ ಟಾರ್ಚ್ ಬಳಸುತ್ತಾರೆ.

ಹೊಲ ತೋಟಗಳ ಬಳಕೆ ಪ್ರತ್ಯೇಕ ಗಮನಕ್ಕೆ ಅರ್ಹವಾದುದು. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ ಇರುಳಿನ ಪಾಳಿಯಲ್ಲಿ ಬಂದಾಗ ರೈತರು ಕತ್ತಲಲ್ಲಿಯೇ ನೀರು ಕಟ್ಟಲು ಹೋಗಬೇಕಾಗುತ್ತದೆ. ಕಟ್ಟುಹಾವು, ಕೊಳಕುಮಂಡಲಗಳು ಸಂಚರಿಸುವುದೂ ಹೆಚ್ಚಾಗಿ ರಾತ್ರಿಯಲ್ಲೇ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು 2000ದಿಂದ 2019ರ ಅವಧಿಯಲ್ಲಿ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆರೋಗ್ಯ ಇಲಾಖೆಗೆ ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು. ಕತ್ತಲಲ್ಲಿ ನಡೆಯುವಾಗ ಟಾರ್ಚ್ ಬಳಸುವುದು ಮತ್ತು ಕಾಲು ಮುಚ್ಚುವ ಪಾದರಕ್ಷೆ ಧರಿಸುವುದು ಹಾವು ಕಡಿತ ತಡೆಯುವ ಕ್ರಮಗಳಲ್ಲಿ ಮೊದಲ ಸಾಲಿನವು. ಇಂತಹ ಬಳಕೆಗೆ ಅರ್ಧ ಕಿಲೋಮೀಟರ್ ದೂರ ತಲುಪುವ ಕಿರಣಕ್ಕಿಂತ, ಹೆಜ್ಜೆಯ ಮುಂದಿನ ಐದಾರು ಮೀಟರ್ ನೆಲವನ್ನೂ ಬದಿಯ ಹುಲ್ಲನ್ನೂ ಒಟ್ಟಿಗೆ ತೋರಿಸುವ, ಇರುಳಿಡೀ ಆರದ ಬೆಳಕು ಹೆಚ್ಚು ಪ್ರಯೋಜನಕಾರಿ. ಟಾರ್ಚ್ ಕೈಕೊಟ್ಟರೆ ಬಳಸಲು ಸಣ್ಣದೊಂದು ಬದಲಿ ಟಾರ್ಚ್ ಜೇಬಿನಲ್ಲಿರುವುದು ಕ್ಷೇಮ.

ಬೆಲೆ

ಭಾರತದ ಮಾರುಕಟ್ಟೆಯಲ್ಲಿ ಟಾರ್ಚ್‌ಗಳನ್ನು ಸ್ಥೂಲವಾಗಿ ಮೂರು ದರ್ಜೆಗಳಾಗಿ ವಿಂಗಡಿಸಬಹುದು. ಐದುನೂರು ರೂಪಾಯಿಯ ಒಳಗಿನವು ಹೆಚ್ಚಾಗಿ ಪ್ಲಾಸ್ಟಿಕ್ ಕವಚದವು. ಎಎ ಸೆಲ್ ಬಳಸುವ ಅಥವಾ ನೇರವಾಗಿ ಚಾರ್ಜ್ ಆಗುವ ಇಂತಹ ಟಾರ್ಚ್‌ಗಳು ಮನೆಬಳಕೆಗೆ ಸಾಕು. ಅದರ ಮೇಲೆ ಸುಮಾರು ಎರಡು ಸಾವಿರದವರೆಗಿನ ದರ್ಜೆಯಲ್ಲಿ ಅಲ್ಯೂಮಿನಿಯಂ ಕವಚ, ಲಿಥಿಯಂ ಕೋಶ, ಯುಎಸ್‌ಬಿ ಚಾರ್ಜಿಂಗ್ ಇರುವ ಟಾರ್ಚ್‌ಗಳು ದೊರೆಯುತ್ತವೆ. ರೈತರಿಗೂ ಕಾವಲುಗಾರರಿಗೂ ಈ ದರ್ಜೆ ಹೊಂದುತ್ತದೆ. ಅದಕ್ಕೂ ಮೇಲಿನವು ಮಾನಕಕ್ಕೆ ಅನುಗುಣವಾದ ಅಳತೆಗಳನ್ನು ಪ್ರಕಟಿಸುವ, ಹವ್ಯಾಸಿಗಳು ಮತ್ತು ರಕ್ಷಣಾ ಕಾರ್ಯಕರ್ತರು ಬಳಸುವ ಟಾರ್ಚ್‌ಗಳು.

ಕೊಳ್ಳುವ ಬೆಲೆಯೊಂದಿಗೆ ನಡೆಸುವ ವೆಚ್ಚವನ್ನೂ ಕೂಡಿಸಿ ನೋಡಬೇಕು. ತಿಂಗಳಿಗೆ ಎರಡು ಜೊತೆ ಸೆಲ್ ಬೇಡುವ ಅಗ್ಗದ ಟಾರ್ಚ್ ಒಂದೆರಡು ವರ್ಷಗಳಲ್ಲಿ ಚಾರ್ಜ್ ಆಗುವ ಟಾರ್ಚಿಗಿಂತ ದುಬಾರಿಯಾಗಬಹುದು. ವರ್ಷಕ್ಕೆ ನಾಲ್ಕಾರು ಸಲವಷ್ಟೇ ಟಾರ್ಚ್ ಹಿಡಿಯುವವರಿಗೆ ಈ ಲೆಕ್ಕ ತಿರುಗುಮುರುಗಾಗುತ್ತದೆ.

ಸುರಕ್ಷತೆ

ಪ್ರಖರವಾದ ಟಾರ್ಚನ್ನು ಯಾರ ಕಣ್ಣಿಗೂ ನೇರವಾಗಿ ಹಿಡಿಯಬಾರದು. ಚಿಕ್ಕ ಮಕ್ಕಳು ಬೆಳಕನ್ನೇ ದಿಟ್ಟಿಸುವುದರಿಂದ ಆಟಕ್ಕೆಂದು ಅಂತಹ ಟಾರ್ಚ್ ಕೊಡುವುದು ತರವಲ್ಲ. ಎದುರಿನಿಂದ ಬರುವ ವಾಹನದ ಚಾಲಕರ ಮುಖಕ್ಕೆ ಬೆಳಕು ಬಿಟ್ಟರೆ ಅಪಘಾತ ಸಂಭವಿಸಬಹುದು.

ಲಿಥಿಯಂ-ಅಯಾನ್ ಕೋಶದ ಎರಡು ಧ್ರುವಗಳು ಲೋಹದ ಮೂಲಕ ಕೂಡಿದರೆ ಅದು ಅತಿಯಾಗಿ ಕಾದು ಬೆಂಕಿ ಹತ್ತಿಕೊಳ್ಳಬಹುದು. ಬಿಡಿ ಕೋಶವನ್ನು ಬೀಗದ ಕೈ ಅಥವಾ ನಾಣ್ಯಗಳೊಡನೆ ಜೇಬಿನಲ್ಲಿ ಇಡಬಾರದು. ಹೊರಪದರ ಹರಿದ, ಉಬ್ಬಿದ ಅಥವಾ ಜಜ್ಜಿಹೋದ ಕೋಶವನ್ನು ಬಳಸಬಾರದು. ವಿಮಾನಯಾನದಲ್ಲಿ ಬಿಡಿ ಲಿಥಿಯಂ ಕೋಶಗಳನ್ನು ಕೈಚೀಲದಲ್ಲಿ ಮಾತ್ರ ಒಯ್ಯಬೇಕು.

ಬೀಗದ ಕೈಗೊಂಚಲಿನ ಪುಟ್ಟ ಟಾರ್ಚ್‌ಗಳಲ್ಲಿರುವ ಗುಂಡಿಯಾಕಾರದ ಕೋಶಗಳು ಮಕ್ಕಳಿರುವ ಮನೆಗಳಲ್ಲಿ ಅಪಾಯಕಾರಿ. ಮಗು ಇದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ತೀವ್ರ ಸುಟ್ಟಗಾಯವಾಗಬಹುದು. ನುಂಗಿದ ಶಂಕೆ ಬಂದೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೋಶದ ಮುಚ್ಚಳವನ್ನು ತಿರುಪುಮೊಳೆಯಿಂದ ಬಿಗಿದಿರುವ ಟಾರ್ಚನ್ನೇ ಆರಿಸುವುದು ಉತ್ತಮ.

ನಿರ್ವಹಣೆ

ತಿಂಗಳುಗಟ್ಟಲೆ ಬಳಸದ ಟಾರ್ಚಿನಿಂದ ಸೆಲ್‌ಗಳನ್ನು ಹೊರತೆಗೆದಿಡಬೇಕು. ಹೊಸ ಮತ್ತು ಹಳೆಯ ಸೆಲ್‌ಗಳನ್ನು, ಬೇರೆ ಬೇರೆ ಬಗೆಯ ಸೆಲ್‌ಗಳನ್ನು ಬೆರೆಸಬಾರದು. ಬೆಳಕು ಮಿನುಗುತ್ತಿದ್ದರೆ ಮರೆಗಳನ್ನೂ ಸ್ಪ್ರಿಂಗಿನ ತುದಿಯನ್ನೂ ಒಣಬಟ್ಟೆಯಿಂದ ಒರೆಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ನೀರು ತಡೆಯುವ ರಬ್ಬರ್ ಬಳೆಗೆ ಆಗಾಗ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಬೇಕು. ಲಿಥಿಯಂ ಕೋಶವನ್ನು ದೀರ್ಘಕಾಲ ಇರಿಸುವುದಾದರೆ ಸುಮಾರು ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಬೇಕು. ತುರ್ತು ಬಳಕೆಗೆಂದು ಇರಿಸಿದ ಟಾರ್ಚನ್ನು ತಿಂಗಳಿಗೊಮ್ಮೆ ಉರಿಸಿ ನೋಡುವುದು ಒಳ್ಳೆಯ ಅಭ್ಯಾಸ.

ಪರಿಸರ

ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಮನೆಯ ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಅವುಗಳನ್ನು ಸುಡುವುದಾಗಲಿ ಬಾವಿ, ಕೆರೆಗಳ ಬಳಿ ಎಸೆಯುವುದಾಗಲಿ ಸಲ್ಲದು. ರಾತ್ರಿಯ ಕೃತಕ ಬೆಳಕು ವನ್ಯಜೀವಿಗಳಿಗೂ ತೊಂದರೆ ಕೊಡುತ್ತದೆ. ಉತ್ತರ ಕನ್ನಡದ ಹೊನ್ನಾವರ ಪರಿಸರದ ಕಡಲ ತೀರದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಬೆಳಕಿನ ದಿಕ್ಕನ್ನು ಅನುಸರಿಸಿ ಕಡಲಿಗೆ ಸಾಗುವುದರಿಂದ ತೀರದಲ್ಲಿ ಬಿಳಿ ಬೆಳಕಿನ ಟಾರ್ಚ್ ಉರಿಸಿದರೆ ಅವು ದಾರಿ ತಪ್ಪುತ್ತವೆ.

ಇವನ್ನೂ ನೋಡಿ

• ಎಲ್‌ಇಡಿ
• ಶುಷ್ಕಕೋಶ
• ಲಿಥಿಯಂ-ಅಯಾನ್ ಬ್ಯಾಟರಿ
• ಲಾಟೀನು
• ಹಾವು ಕಡಿತ